ಹಪ್ಪಳದ ಶೆಡ್ಡಿಗೂ ಒಂದು ಅಫಿಡವಿಟ್ ಸಾಲಲಿ

ಹಲಸಿನ ಹಪ್ಪಳಕ್ಕೆ ವರ್ಷದಲ್ಲಿ ಸಿಗುವುದು ಎರಡು, ಹೆಚ್ಚೆಂದರೆ ಎರಡೂವರೆ ತಿಂಗಳು. ಸೊಳೆ ಬಲಿತಿರಬೇಕು, ಹಣ್ಣಾಗಿರಬಾರದು. ಬೇಯಿಸಿ, ಅರೆದು, ಒತ್ತಿದ್ದು ಒಣಗಲು ಖಡಕ್ ಬಿಸಿಲು ಬೇಕು. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಚಾಪೆ ಮಡಚಿಡುವುದೇ. ಧರ್ಮಸ್ಥಳದ ಆಸುಪಾಸಿನ ನಮ್ಮಂಥ ಹೆಂಗಸರು ಮಾರ್ಚ್‌ನಲ್ಲಿ ಕೊಟ್ಟ ಅರ್ಜಿಗೆ ಜುಲೈಯಲ್ಲಿ ಪರವಾನಗಿ ಬಂದರೆ ಆ ವರ್ಷದ ದುಡಿಮೆ ಹೋದಂತೆ.

ನೋಂದಣಿ ಎಲ್ಲವೂ ಕಷ್ಟವೆಂದು ನಾನು ಹೇಳುವುದಿಲ್ಲ. 2020ರ ಜುಲೈಯಲ್ಲಿ ಬಂದ ಉದ್ಯಮ್ ನೋಂದಣಿ ಆಧಾರ್, ಪ್ಯಾನ್, ಮೊಬೈಲ್ ಇದ್ದರೆ ಮನೆಯಲ್ಲೇ ಆಗುತ್ತದೆ, ಪೈಸೆ ಖರ್ಚಿಲ್ಲ. ಸಣ್ಣ ತಯಾರಕರ ಆಹಾರ ಸುರಕ್ಷತಾ ನೋಂದಣಿಗೆ 2011ರ ನಿಯಮ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ತರಬೇತಿಗೆ 1982ರಿಂದ ಉಜಿರೆಯ ರುಡ್‌ಸೆಟ್ ಇದೆ. ಸಣ್ಣ ಆಹಾರ ಘಟಕಗಳ ಕೇಂದ್ರ ಯೋಜನೆಯಾದ ಪಿಎಂಎಫ್‌ಎಂಇಯ ಶೇ. 35ಕ್ಕೆ ರಾಜ್ಯ 15 ಸೇರಿಸಿ, ಯಂತ್ರಕ್ಕೆ ಅರ್ಧದಷ್ಟು ಸಹಾಯಧನವೂ ಬಂತು.

ಸಿಕ್ಕಿಬೀಳುವುದು ಶೆಡ್ಡಿನಲ್ಲಿ. ಮನೆಯ ಹಿಂದೆ, ಅಡಿಕೆ ತೋಟದ ಅಂಚಿಗೆ ಶೀಟು ಹಾಕಿ ಕಟ್ಟಿದ್ದು. ಜಾಗ ವರ್ಗದ್ದೇ, ಅಂದರೆ ಸ್ವಂತ ಪಟ್ಟಾ ಜಾಗ, ಆದರೆ ಪಂಚಾಯತಿನ ಆಸ್ತಿ ದಾಖಲೆಯಾದ ನೈನ್-ಇಲೆವೆನ್ ಆಗಿಲ್ಲ. ಅದಿಲ್ಲದೆ ಕಟ್ಟಡಕ್ಕೆ ನಂಬರಿಲ್ಲ, ನಂಬರಿಲ್ಲದೆ ಪಂಚಾಯತ್ ಲೈಸೆನ್ಸಿಲ್ಲ, ಲೈಸೆನ್ಸಿಲ್ಲದೆ ಬ್ಯಾಂಕಿನ ಸಾಲವಿಲ್ಲ. ನನ್ನ ನೆರೆಮನೆಯ ಅಕ್ಕ ಒತ್ತುವ ಯಂತ್ರಕ್ಕೆ ಕೊಟೇಶನ್ ತರಿಸಿ ಇಟ್ಟಿದ್ದಾರೆ. ಇವತ್ತಿಗೂ ಮಣೆಯಲ್ಲೇ ಒತ್ತುತ್ತಾರೆ. ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಬಂದವರು ಊರಿಗೆ ಒಯ್ಯಲು ಹಪ್ಪಳ ಕೇಳುತ್ತಾರೆ, ಆದರೆ ಲೈಸೆನ್ಸ್ ನಂಬರು, ಲೇಬಲ್ ಇಲ್ಲದ ಪ್ಯಾಕೆಟ್ಟನ್ನು ಅಂಗಡಿಯವರು ಇಟ್ಟುಕೊಳ್ಳಲು ಹೆದರುತ್ತಾರೆ.

ದೊಡ್ಡವರಿಗೆ ಸರಕಾರ ದಾರಿ ಮಾಡಿಕೊಟ್ಟಿದೆ. 2020ರಲ್ಲಿ ಕೈಗಾರಿಕೆಗಳ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದು, ಏಕಗವಾಕ್ಷಿ ಸಮಿತಿ ಒಪ್ಪಿದ ಯೋಜನೆಯವರು ಅಫಿಡವಿಟ್ ಕೊಟ್ಟು ಕಟ್ಟಡದ ಕೆಲಸ ಶುರು ಮಾಡಬಹುದು, ಅನುಮತಿಗಳನ್ನು ಆಮೇಲೆ ಪಡೆಯಬಹುದು ಎಂದಿತು. ಒಳ್ಳೆಯ ಕಾನೂನು, ನನ್ನ ತಕರಾರಿಲ್ಲ. ಕೋಟಿ ಹೂಡುವವರ ಮಾತನ್ನು ನಂಬುವ ಸರಕಾರ ಹಪ್ಪಳ ಒತ್ತುವವಳ ಮಾತನ್ನೂ ನಂಬಬೇಕು.

ಸ್ವಂತ ಜಾಗ, ಮನೆಯವರೇ ದುಡಿಯುವ ಕೆಲಸ, ಯಾರಿಗೂ ತೊಂದರೆಯಿಲ್ಲ ಎಂದು ಅಫಿಡವಿಟ್ ಬರೆಸಿಕೊಂಡು, ಪಂಚಾಯತಿನ ಬಾಪೂಜಿ ಸೇವಾ ಕೇಂದ್ರದಲ್ಲೇ ಎರಡು ವರ್ಷದ ತಾತ್ಕಾಲಿಕ ಲೈಸೆನ್ಸ್ ಕೊಡಿ. ಪಿಡಿಒ ಬಂದು ಶೆಡ್ಡು ನೋಡಲಿ, ಬಾವಿಯ ನೀರು ಪರೀಕ್ಷೆಯಾಗಲಿ, ಕೊಳಕಿದ್ದರೆ ರದ್ದು ಮಾಡಲಿ. ಇದಕ್ಕೆ ಆದೇಶ ಹೊರಡಿಸಬೇಕಾದದ್ದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ. ನಮ್ಮ ಜಿಲ್ಲೆಯ ಶಾಸಕರು ಬರುವ ಅಧಿವೇಶನದಲ್ಲೇ ಈ ಪ್ರಶ್ನೆ ಕೇಳಲಿ.