ಹಳೇ ಕಾರಿಗೆ ಹೆಚ್ಚುವರಿ ವಾರಂಟಿ: ಘಾಟಿಯ ಲೆಕ್ಕವೇ ಬೇರೆ

ಈ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋಣ ಅಂತ ನೀವು ಯೋಚಿಸಿದ್ದರೆ, ಕೊಯಮತ್ತೂರಿನಲ್ಲೋ ಮೈಸೂರಿನಲ್ಲೋ ಮಾರುವವರ ಮೇಜಿನ ಮುಂದೆ ಕೂತಾಗ ಒಂದು ಮಾತು ಖಂಡಿತ ಕೇಳುತ್ತೀರಿ. ಬೆಲೆ ಚೌಕಾಸಿ ಮುಗಿದು, ಮುಂಗಡ ಕೊಟ್ಟು, ಸಾಲದ ಕಾಗದಕ್ಕೆ ಸಹಿ ಹಾಕಿ ಸುಸ್ತಾಗಿರುವ ಹೊತ್ತಿಗೇ ಅದು ಬರುತ್ತದೆ. "ಸಾರ್, ಇನ್ನೊಂದು ಹದಿನೈದು ಸಾವಿರ ಹಾಕಿದ್ರೆ ಒಂದು ವರ್ಷ ಎಕ್ಸ್‌ಟೆಂಡೆಡ್ ವಾರಂಟಿ. ಇಂಜಿನ್, ಗೇರ್‌ಬಾಕ್ಸ್ ಎಲ್ಲಾ ಕವರ್. ನೀವು ಬೆಟ್ಟದೋರು ಬೇರೆ, ತಗೊಂಡ್ಬಿಡಿ."

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮ್ಯಾನುಯಲ್ ಗೇರಿನ ಸಣ್ಣ ಪೆಟ್ರೋಲ್ ಕಾರನ್ನು ನೀಲಗಿರಿಯಲ್ಲಿ ಓಡಿಸುವವರಿಗೆ ಆ ಹದಿನೈದು ಸಾವಿರ ಬೇರೆ ಕಡೆ ಹೆಚ್ಚು ಕೆಲಸಕ್ಕೆ ಬರುತ್ತದೆ. "ಬೆಟ್ಟದೋರು, ಅದಕ್ಕೇ ತಗೊಳ್ಳಿ" ಅನ್ನುವ ವಾದ ತಲೆಕೆಳಗಾದದ್ದು. ಬೆಟ್ಟದವರಾದ್ದರಿಂದಲೇ ನಾವು ಎರಡು ಸಲ ಯೋಚಿಸಬೇಕು. ಇದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಯಾರು ತಗೊಳ್ಳಬಹುದು ಅನ್ನೋದನ್ನೂ ಮುಂದೆ ಹೇಳ್ತೀನಿ.

ಮೊದಲು ಘಾಟಿ ಕಾರಿಗೆ ಏನು ಮಾಡುತ್ತೆ ನೋಡೋಣ. ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ. ಮಸಿನಗುಡಿ ಸಾವಿರ ಮೀಟರಿನ ಆಸುಪಾಸು. ನಡುವೆ ಕಲ್ಹಟ್ಟಿ ಘಾಟಿ, 36 ಹೇರ್‌ಪಿನ್ ತಿರುವು. ನಾಲ್ಕು ಜನ ಕೂತ ಸಣ್ಣ ಕಾರಿನ ತೂಕ ಸುಮಾರು 1,200 ಕೆಜಿ ಅಂದುಕೊಳ್ಳಿ, ಇಳಿಯುವ ಎತ್ತರ ಸುಮಾರು 1,200 ಮೀಟರ್. ನಾವು ಒಂಬತ್ತನೇ ತರಗತಿಯವರಿಗೆ ಹೇಳಿಕೊಡುವ ಸೂತ್ರವನ್ನೇ ಹಾಕಿ: ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ. ಸುಮಾರು 1 ಕೋಟಿ 41 ಲಕ್ಷ ಜೂಲ್ ಬರುತ್ತದೆ. ಕೆಳಗೆ ಬಂದು ಕಾರು ನಿಂತಾಗ ಅಷ್ಟೂ ಶಕ್ತಿ ಎಲ್ಲೋ ಹೋಗಿರಲೇಬೇಕಲ್ಲ. ಹೋಗುವುದು ಶಾಖವಾಗಿ. ಊಟಿಯ ತಣ್ಣೀರನ್ನು ಅಲ್ಲಿಯ ಕುದಿಬಿಂದುವಿಗೆ, ಅಂದರೆ ಸುಮಾರು 92 ಡಿಗ್ರಿಗೆ, ಏರಿಸುವುದಾದರೆ 45 ಲೀಟರಿಗೆ ಸಾಲುವಷ್ಟು ಶಾಖ. ಎರಡು ದೊಡ್ಡ ಹಂಡೆ ನೀರು ಕಾಯಿಸಿದ ಹಾಗೆ! ಗಾಳಿಯ ಮತ್ತು ಟಯರಿನ ತಡೆ ಸ್ವಲ್ಪ ತಗೊಳ್ಳುತ್ತೆ. ಒಂದನೇ ಎರಡನೇ ಗೇರಿನಲ್ಲಿ ಇಳಿದರೆ ಇಂಜಿನ್ ದೊಡ್ಡ ಪಾಲು ಹೊತ್ತುಕೊಳ್ಳುತ್ತೆ. ಉಳಿದದ್ದೆಲ್ಲ ಬ್ರೇಕ್ ಡಿಸ್ಕ್, ಪ್ಯಾಡು, ಡ್ರಮ್ಮುಗಳ ಪಾಲು. ಬಯಲು ಸೀಮೆಯಿಂದ ಬಂದವರು ನಾಲ್ಕನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದು, ಕೆಳಗೆ ಹೊಗೆ ಬರುತ್ತಿರುವ ಚಕ್ರವನ್ನು ನೋಡುತ್ತಾ ನಿಂತಿರುವುದನ್ನು ನೀವೂ ಕಂಡಿರುತ್ತೀರಿ.

ಬ್ರೇಕ್ ಆಯಿಲ್ ಕಥೆ ಇನ್ನೂ ಸ್ವಾರಸ್ಯ. ಅದು ಗಾಳಿಯಲ್ಲಿರುವ ತೇವಾಂಶವನ್ನು ಹೀರುತ್ತದೆ. ಡಾಟ್ 4 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಆಯಿಲಿಗೆ ಅದೇ ಮಿತಿ 155 ಡಿಗ್ರಿ. ಗೂಡಲೂರು, ದೇವಾಲ ಕಡೆ ಮಳೆಗಾಲ ಹೇಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಬರುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಒತ್ತಬಹುದು. ಹಾಗಾಗಿ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಪ್ಯಾಸ್ಕಲ್ ನಿಯಮ ಪಾಠ ಮಾಡುವಾಗ ಈ ಉದಾಹರಣೆ ಕೊಟ್ಟರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ.

ಹತ್ತುವಾಗ ಕ್ಲಚ್ಚಿನ ಸರದಿ. ಊಟಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗದಷ್ಟೇ. ಟರ್ಬೊ ಇಲ್ಲದ ಇಂಜಿನ್ನಿಗೆ ಉಸಿರು ಕಮ್ಮಿ, ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತೆ. ತಿರುವಿನಲ್ಲಿ ಎದುರು ಬಸ್ಸು ಬಂತು ಅಂದರೆ ನಿಂತು, ಅರ್ಧ ಕ್ಲಚ್ಚಿನಲ್ಲಿ ಮತ್ತೆ ಎತ್ತಬೇಕು. ಪ್ರತಿ ಸಲವೂ ಪ್ಲೇಟ್ ಉಜ್ಜಿ ಸವೆಯುತ್ತದೆ. ಜೊತೆಗೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ತಿರುಗಿಸಿ ಆಕ್ಸಲ್ ತುದಿಯ ರಬ್ಬರ್ ಬೂಟ್ ಹರಿಯುತ್ತೆ, ಸಸ್ಪೆನ್ಷನ್ ಬುಷ್ ಹೋಗುತ್ತೆ, ಟಯರು ಒಂದು ಕಡೆ ತಿನ್ನುತ್ತೆ.

ಈಗ ವಾರಂಟಿ ಪತ್ರದ ಮೊದಲನೇ ಪುಟ ಬಿಟ್ಟು ಹಿಂದಿನ ಪುಟಕ್ಕೆ ಹೋಗಿ. ಸಣ್ಣಕ್ಷರದಲ್ಲಿ "ಇವು ಒಳಪಡುವುದಿಲ್ಲ" ಅಂತ ಒಂದು ಪಟ್ಟಿ ಇರುತ್ತದೆ. ನಾನು ಇದುವರೆಗೆ ಓದಿದ ಮೂರು ಪತ್ರಗಳಲ್ಲೂ ಇದ್ದದ್ದು: ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಡಿಸ್ಕ್, ಟಯರ್, ಬ್ಯಾಟರಿ, ಬುಷ್, ರಬ್ಬರ್ ಭಾಗಗಳು, ಎಲ್ಲಾ ಥರದ ಆಯಿಲ್, ತುಕ್ಕು, ಮತ್ತು ಒಟ್ಟಾಗಿ "ಸಹಜ ಸವೆತ". ಮೇಲೆ ಹೇಳಿದ ಘಾಟಿಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ಹೊಂದಿಸಿ ಬರೆಯಿರಿ ಅಂತ ಮಕ್ಕಳಿಗೆ ಕೊಟ್ಟರೆ, ಒಂದೂ ತಪ್ಪಿಲ್ಲದೆ ಹೊಂದಿಸುತ್ತಾರೆ. ನಮ್ಮ ರಸ್ತೆ ಏನನ್ನು ತಿನ್ನುತ್ತದೋ ಅದನ್ನೇ ಪತ್ರ ಹೊರಗಿಟ್ಟಿದೆ. ವಾರಂಟಿ ಇರುವುದು ಅಪರೂಪಕ್ಕೆ ಕೆಡುವ ವಸ್ತುಗಳಿಗೆ. (ಇನ್ಶೂರೆನ್ಸ್ ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಅದು ಅಪಘಾತಕ್ಕೆ, ಸವೆತವನ್ನೂ ಯಾಂತ್ರಿಕ ಕೆಡುಕನ್ನೂ ಅದೂ ಕೊಡುವುದಿಲ್ಲ.)

ನನಗೆ ಪರಿಚಯದ ಗಣಿತದ ಮೇಡಂ ಒಬ್ಬರಿಗೆ ಹೀಗೇ ಆಯಿತು. ಏಳು ವರ್ಷ ಹಳೆಯ ಕಾರು, ಜೊತೆಗೆ ವಾರಂಟಿ. ನಾಲ್ಕನೇ ತಿಂಗಳು ಗೂಡಲೂರಿಂದ ನಡುವಟ್ಟಂ ಹತ್ತುವಾಗ ಕ್ಲಚ್ ಜಾರತೊಡಗಿತು. ಫೋನ್ ಮಾಡಿದರೆ "ಗಾಡಿ ನಮ್ಮ ವರ್ಕ್‌ಶಾಪಿಗೆ ತನ್ನಿ" ಅಂದರು. ವರ್ಕ್‌ಶಾಪ್ ಇದ್ದದ್ದು ಕೊಯಮತ್ತೂರಿನಲ್ಲಿ. ಎಳೆದುಕೊಂಡು ಹೋಗುವ ಖರ್ಚು ಇವರದ್ದೇ. ಹೋದ ಮೇಲೆ "ಇದು ಸವೆತ, ಬರಲ್ಲ" ಅಂತ ಒಂದು ಸಾಲಿನ ಉತ್ತರ. ಆ ಮೇಡಂ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಲೆಕ್ಕ ಮಾಡುವವರು, ಆದರೂ ಹಿಂದಿನ ಪುಟವನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ಪತ್ರವೇ ಹಣ ಕಟ್ಟಿ ಹತ್ತು ದಿನದ ಮೇಲೆ ಅಂಚೆಯಲ್ಲಿ ಬಂದದ್ದು.

ದೂರದ ಮಾತು ಬಂತಲ್ಲ, ಅದನ್ನೂ ಗಮನಿಸಿ. ಗೂಡಲೂರಿನಿಂದ ಕೊಯಮತ್ತೂರಾಗಲಿ ಮೈಸೂರಾಗಲಿ ನೂರು ಕಿಲೋಮೀಟರಿಗೆ ಮೇಲೆ. ಮೈಸೂರು ಕಡೆ ಹೋಗಬೇಕೆಂದರೆ ಮುದುಮಲೆ, ಬಂಡೀಪುರ ದಾಟಬೇಕು, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಮುಚ್ಚಿರುತ್ತೆ. ಎರಡು ದಿನ ರಜೆ ಹಾಕದೆ ಆಗುವ ಕೆಲಸವಲ್ಲ. ಊರಿನ ಮೆಕ್ಯಾನಿಕ್ ಹತ್ತಿರ ರಿಪೇರಿ ಮಾಡಿಸಿದರೆ ವಾರಂಟಿಯೇ ರದ್ದು ಅಂತಲೂ ಕೆಲವು ಪತ್ರಗಳಲ್ಲಿ ಇದೆ.

ಇನ್ನು ಸಂಭಾವ್ಯತೆ. ಹತ್ತನೇ ತರಗತಿಯಲ್ಲಿ ದಾಳ, ನಾಣ್ಯ, ಇಸ್ಪೀಟು ಅಂತ ಹೇಳಿ ಹೇಳಿ ನಮಗೇ ಬೇಜಾರಾಗಿದೆ. ಇದನ್ನು ಹಾಕಿ ನೋಡಿ. ವಾರಂಟಿಗೆ 15,000 ರೂಪಾಯಿ. ಅದರೊಳಗೆ ಬರುವಂಥ ಒಂದು ದೊಡ್ಡ ರಿಪೇರಿಗೆ 40,000 ಆಗುತ್ತೆ ಅಂತ ಇಟ್ಟುಕೊಳ್ಳಿ. ಕೊಟ್ಟ ಹಣ ಸರಿಹೋಗಬೇಕಾದರೆ ಆ ವರ್ಷದೊಳಗೆ ಅಂಥ ಕೆಡುಕು ಬರುವ ಸಂಭಾವ್ಯತೆ 15,000 ಭಾಗಿಸು 40,000, ಅಂದರೆ 0.375 ಇರಬೇಕು. ಗ್ಯಾಸ್ಕೆಟ್, ಆಯಿಲ್, ಕೂಲೆಂಟ್ ನಿಮ್ಮ ಖರ್ಚು ಅಂತ ಕಳೆದು ಅವರು 28,000 ಮಾತ್ರ ಕೊಟ್ಟರೆ 0.54 ಆಗುತ್ತೆ. ನೂರು ಕಾರಿನಲ್ಲಿ 54ಕ್ಕೆ ಒಂದೇ ವರ್ಷದಲ್ಲಿ ಇಂಜಿನ್ನೋ ಗೇರ್‌ಬಾಕ್ಸೋ ಹೋಗಬೇಕು. ಅಂಥ ಕಾರಾದರೆ ವಾರಂಟಿ ಇರಲಿ, ಕಾರನ್ನೇ ತಗೋಬಾರದು.

ಮಾರುವವರ ಕಡೆಯಿಂದಲೂ ನೋಡಬಹುದು. 15,000ದಲ್ಲಿ 18% ಜಿಎಸ್‌ಟಿ ಸೇರಿದ್ದರೆ ಸುಮಾರು 2,300 ರೂಪಾಯಿ ತೆರಿಗೆಗೇ ಹೋಯಿತು. ಉಳಿದ 12,700ರಲ್ಲಿ ಮಾರಿದವರ ಕಮಿಷನ್, ಕಚೇರಿ ಖರ್ಚು, ಲಾಭ, ಎಲ್ಲರ ಕ್ಲೇಮು ನಡೆಯಬೇಕು. ಸರಾಸರಿ ಗಿರಾಕಿಗೆ ವಾಪಸ್ ಬರುವುದು ಇದಕ್ಕಿಂತ ಬಹಳ ಕಡಿಮೆ ಇಲ್ಲದಿದ್ದರೆ ಅಂಗಡಿ ಮುಚ್ಚಬೇಕಾಗುತ್ತೆ. ಇದರಲ್ಲಿ ಮೋಸ ಏನಿಲ್ಲ, ಎಲ್ಲಾ ವಿಮೆಯ ವ್ಯವಹಾರವೂ ಹೀಗೇ. ಅದಕ್ಕೇ ಕಾರಿನ ವಯಸ್ಸು, ಓಡಿದ ಕಿಲೋಮೀಟರಿಗೆ ಮಿತಿ ಹಾಕುತ್ತಾರೆ. ಯಂತ್ರಗಳು ಹೊಸದರಲ್ಲಿ ತುಸು ಹೆಚ್ಚು ಕೆಡುತ್ತವೆ, ನಡುವೆ ಬಹುಕಾಲ ಕಡಿಮೆ, ಮುದಿಯಾದ ಮೇಲೆ ಮತ್ತೆ ಹೆಚ್ಚು. ನಕ್ಷೆ ಬರೆದರೆ ಸ್ನಾನದ ತೊಟ್ಟಿಯ ಆಕಾರ. ಅವರು ಆರಿಸಿಕೊಳ್ಳುವುದು ತೊಟ್ಟಿಯ ತಳವನ್ನು.

"ಹಾಗಾದರೆ ವಾರಂಟಿ ಅನ್ನೋದೇ ದಂಡವಾ ಮೇಷ್ಟ್ರೇ?" ಅಂತ ನೀವು ಕೇಳಬಹುದು. ಅಲ್ಲ. ಜಾರ್ಜ್ ಅಕರ್ಲಾಫ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೇ ಕಾರಿನ ಮಾರುಕಟ್ಟೆಯ ಮೇಲೆಯೇ ಒಂದು ಪ್ರಬಂಧ ಬರೆದರು. ಆ ಬಗೆಯ ಕೆಲಸಕ್ಕೆ 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅವರ ಮಾತಿನ ಸಾರ ಇಷ್ಟು: ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಂತರದಿಂದ ಒಳ್ಳೇ ಕಾರುಗಳು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತವೆ. ಅದಕ್ಕೆ ಒಂದು ಮದ್ದು ಖಾತರಿ ಅಂತ ಅವರೇ ಹೇಳುತ್ತಾರೆ. ಒಪ್ಪಿದೆ. ಆದರೆ ಮಾರುವವನು ಕಾರಿನ ಬೆಲೆಯೊಳಗೇ, ತನ್ನ ಕೈಯಿಂದ ಕೊಡುವ ಆರು ತಿಂಗಳ ಖಾತರಿ ಬೇರೆ. ಮೂರನೆಯ ಕಂಪನಿಯ ಕಾಗದವನ್ನು ನಿಮಗೆ ಮಾರಿ ಕಮಿಷನ್ ತಗೊಳ್ಳೋದು ಬೇರೆ. ಮೊದಲನೆಯದು ಕಾರಿನ ಮೇಲೆ ಅವನಿಗಿರುವ ನಂಬಿಕೆಯನ್ನು ತೋರಿಸುತ್ತೆ. ಎರಡನೆಯದು ಏನನ್ನೂ ತೋರಿಸಲ್ಲ. ಕಾರು ತಯಾರಿಸಿದ ಕಂಪನಿಯದೇ ವಾರಂಟಿ ಇನ್ನೂ ಉಳಿದಿದ್ದರೆ ಅದು ಎಲ್ಲಕ್ಕಿಂತ ಒಳ್ಳೇದು. ನಿಮ್ಮ ಹೆಸರಿಗೆ ಬರುತ್ತಾ ಅಂತ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಮೊದಲು ಕೇಳಿ.

ಯಾರು ತಗೊಳ್ಳಬಹುದು? ಆಟೊಮ್ಯಾಟಿಕ್ ಗೇರಿನ ಕಾರು ಕೊಳ್ಳುವವರು ಯೋಚಿಸಬಹುದು. ಗೇರ್‌ಬಾಕ್ಸಿಗೆ 90,000 ಆಗುತ್ತೆ ಅಂದರೆ, 15,000ಕ್ಕೆ ಬೇಕಾದ ಸಂಭಾವ್ಯತೆ ಆರರಲ್ಲಿ ಒಂದು, ದಾಳದಲ್ಲಿ ಒಂದು ಮುಖ ಬಿದ್ದಷ್ಟು. ಹೊಸೂರಿನಿಂದ ಬೆಂಗಳೂರಿಗೆ ಬಯಲಲ್ಲಿ ಓಡಿಸುವವರಿಗೆ ವರ್ಕ್‌ಶಾಪೂ ಹತ್ತಿರ. ಇನ್ನೊಂದು ಗುಂಪಿದೆ, ಅವರ ಬಗ್ಗೆ ನಾನು ಲೆಕ್ಕ ಹಾಕಿ ತಳ್ಳಿಹಾಕಲಾರೆ. ತಿಂಗಳಿಗೆ ಕೈಗೆ ಬರುವುದು ಕಮ್ಮಿ, ಮನೆಯಲ್ಲಿ ಡಯಾಲಿಸಿಸ್‌ಗೋ ಇನ್ನೊಂದಕ್ಕೋ ವಾರಕ್ಕೆರಡು ಸಲ ಊಟಿಗೆ ಕರೆದೊಯ್ಯಬೇಕಾದವರಿದ್ದಾರೆ, ದಿಢೀರನೆ ಐವತ್ತು ಸಾವಿರ ಬಂದರೆ ಬಡ್ಡಿಗೆ ತರಬೇಕು ಅನ್ನುವಂಥವರು. ಅವರಿಗೆ ಸರಾಸರಿಯ ಲೆಕ್ಕ ಪೂರ್ತಿ ಲೆಕ್ಕವಲ್ಲ. ಆದರೆ ಅವರೂ ಕ್ಲಚ್ಚು ಬ್ರೇಕಿಗೆ ಹಣ ಬೇರೆ ಎತ್ತಿಡಲೇಬೇಕಾಗುತ್ತೆ.

ಉಳಿದವರು ಆ ಹದಿನೈದು ಸಾವಿರವನ್ನು ಹೀಗೆ ಖರ್ಚು ಮಾಡಬಹುದು. ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರನ್ನು ಒಂದು ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಸ್ಕ್ಯಾನರ್ ಹಾಕಿಸಿ ದೋಷದ ಕೋಡುಗಳನ್ನು ಓದಿಸಿ. ಚಪ್ಪಟೆ ರಸ್ತೆಯಲ್ಲಿ ಓಡಿಸಿ ತೃಪ್ತಿಪಡಬೇಡಿ, ಏರು ಹತ್ತಿಸಿ ನೋಡಿ: ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಚೆನ್ನೈ ಕಡೆಯ ಕಾರಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. 2015ರಲ್ಲೂ 2023ರಲ್ಲೂ ಪ್ರವಾಹದಲ್ಲಿ ಮುಳುಗಿದ ಕಾರುಗಳಿವೆ, ಹೊರಗೆ ಪಾಲಿಶ್ ಮಾಡಿದರೂ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಕಲೆ ಉಳಿದಿರಬಹುದು. ಕಾರು ಮನೆಗೆ ಬಂದ ವಾರವೇ ಬ್ರೇಕ್ ಆಯಿಲ್ ಬದಲಿಸಿ, ಪ್ಯಾಡು ನೋಡಿಸಿ. ಉಳಿದ ಹಣ ಒಂದು ಬೇರೆ ಉಳಿತಾಯ ಖಾತೆಯಲ್ಲಿರಲಿ. ವರ್ಷ ಕಳೆದು ಏನೂ ಆಗದಿದ್ದರೆ ವಾರಂಟಿಯ ಹಣ ಹೋಗಿರುತ್ತೆ, ಇದು ನಿಮ್ಮದೇ ಆಗಿ ಇರುತ್ತೆ.

ಆದರೂ ವಾರಂಟಿ ತಗೊಳ್ಳುತ್ತೀರಿ ಅಂದರೆ, ಹಣ ಕೊಡುವ ಮೊದಲು ಪೂರ್ತಿ ಪತ್ರ ಕೈಗೆ ಕೊಡಿ ಅಂತ ಕೇಳಿ. "ಆಮೇಲೆ ಮೇಲ್ ಬರುತ್ತೆ ಸಾರ್" ಅಂದರೆ ಎದ್ದು ಬನ್ನಿ. ಕ್ಲೇಮ್ ಯಾವ ಊರಿನಲ್ಲಿ, ಎಳೆದೊಯ್ಯುವ ಖರ್ಚು ಯಾರದ್ದು, ಒಂದು ಕ್ಲೇಮಿಗೆ ಗರಿಷ್ಠ ಎಷ್ಟು ಅನ್ನೋದನ್ನು ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ್ದಕ್ಕೂ ಕಾಗದಕ್ಕೂ ತಾಳೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ತಾಳವಾಡಿಯ ಗೆಳೆಯರಿಗೆ ಒಂದು ಕೋರಿಕೆ. ನಿಮಗೆ ದಿಂಬಂನ 27 ತಿರುವು ಇದೆ. ನಿಮ್ಮ ಮಕ್ಕಳ ಕೈಯಲ್ಲಿ ಇದೇ ಶಾಖದ ಲೆಕ್ಕ ಮಾಡಿಸಿ ಕಳಿಸಿ. ನಿಮ್ಮ ಬಳಿ ಹಳೇ ವಾರಂಟಿ ಪತ್ರ ಇದ್ದರೆ ಹೆಸರು, ನಂಬರು ಮುಚ್ಚಿ ಹಿಂದಿನ ಪುಟದ ನಕಲನ್ನೂ ಜೊತೆಗಿಡಿ.