ಹೊಲಿಗೆಗೆ ಹೊತ್ತೆಲ್ಲಿದೆ?

ಒಂದು ಕಾಲದಲ್ಲಿ ನಮ್ಮ ಊರುಗಳಲ್ಲಿ ದೆವ್ವಕ್ಕೆ ಹೆದರಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದರ್ಜಿಯ ಅಂಗಡಿಯಲ್ಲಿ ಅದನ್ನು ಬರೆಯುವ ಅಗತ್ಯವೇ ಇಲ್ಲ, ಅವರಿಗೆ ಅದು ಬಾಯಿಪಾಠ! ಜೂನ್ ತಿಂಗಳಲ್ಲಿ ಯೂನಿಫಾರಂಗಾಗಿ, ದೀಪಾವಳಿಗೆ ಹೊಸ ಬಟ್ಟೆಗಾಗಿ ಅಲೆಯದ ತಂದೆತಾಯಿಯರು ಯಾರಿದ್ದಾರೆ? ಹಾಗೆ ಬರಿಗೈಯಲ್ಲಿ ಮನೆಗೆ ಬಂದ ಸಂಜೆಯೇ ‘ಇನ್ನು ಮೇಲೆ ಮನೆಯಲ್ಲೇ ಹೊಲಿಯೋಣ’ ಎಂಬ ಪ್ರತಿಜ್ಞೆ ಹುಟ್ಟುತ್ತದೆ. ಮರುದಿನ ಬೆಳಗ್ಗೆ ತಿಂಡಿ, ಡಬ್ಬಿ, ಬಸ್ಸು, ಆಫೀಸು ಎಂಬ ಓಟದಲ್ಲಿ ಪ್ರತಿಜ್ಞೆಯೂ ಮರೆತುಹೋಗುತ್ತದೆ. ಮೂಲೆಯ ಹೊಲಿಗೆ ಮೆಷಿನ್ ಮತ್ತೆ ಇಸ್ತ್ರಿ ಬಟ್ಟೆ ಪೇರಿಸುವ ಮೇಜಾಗುತ್ತದೆ.

ನಾನೂ ಒಮ್ಮೆ ಇಂಥ ಪ್ರತಿಜ್ಞೆ ಮಾಡಿದವಳೇ. ಮಗಳು ಆಗ ಎಂಟನೇ ತರಗತಿ. ಶಾಲೆಯ ವಾರ್ಷಿಕೋತ್ಸವಕ್ಕೆ ಹೂವಿನ ಚಿತ್ತಾರದ ಜಂಪರ್ ಹೊಲಿದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಇವತ್ತು, ನಾಳೆ ಎನ್ನುತ್ತ ಹಿಂದಿನ ರಾತ್ರಿಯವರೆಗೂ ತಳ್ಳಿದೆ. ಪಾತ್ರೆ ತೊಳೆದು, ಮರುದಿನದ ತರಕಾರಿ ಹೆಚ್ಚಿಟ್ಟು ಮೆಷಿನ್ ಮುಂದೆ ಕೂತಾಗ ಗಂಟೆ ಹತ್ತು. ಮೈಭಾಗ ಸರಿಯಾಗಿಯೇ ಬಂತು. ತೋಳು ಜೋಡಿಸಲು ಹೋದರೆ, ಎರಡೂ ಎಡತೋಳುಗಳೇ! ಒಂದೇ ಪದರದಲ್ಲಿ, ಒಂದೇ ಮಗ್ಗುಲಿಗೆ, ಎರಡು ಸಲ ಕತ್ತರಿಸಿದ್ದೆ. ಮತ್ತೊಂದು ತೋಳಿಗೆ ಬಟ್ಟೆ ಉಳಿದಿರಲಿಲ್ಲ.

ತಪ್ಪು ನನ್ನದು, ಸಿಟ್ಟು ಮಾತ್ರ ಮಗಳ ಮೇಲೆ. ‘ಇಷ್ಟೆಲ್ಲ ಯಾರಿಗಾಗಿ ಸಾಯ್ತಿದ್ದೀನಿ ಅಂತ ಗೊತ್ತಾ ನಿಂಗೆ?’ ಎಂದು ರೇಗಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀನೊಬ್ಳೇ ಯಾಕಮ್ಮ ಹೊಲೀಬೇಕು? ನಂಗೂ ಹೇಳಿಕೊಟ್ಟಿದ್ರೆ ನಾನೂ ಮಾಡ್ತಿದ್ನಲ್ಲ’ ಎಂದಳು. ಉತ್ತರ ಹೊಳೆಯಲಿಲ್ಲ. ಓದುವ ಹುಡುಗಿಗೆ ಇದೆಲ್ಲ ಏಕೆ ಎಂದು ಅವಳನ್ನು ಮೆಷಿನ್ ಹತ್ತಿರಕ್ಕೂ ಸೇರಿಸಿದವಳಲ್ಲ ನಾನು. ಕೊನೆಗೆ ಆ ಎರಡು ಎಡತೋಳುಗಳನ್ನೇ ಓರೆಪಟ್ಟಿಗಳಾಗಿ ಕತ್ತರಿಸಿ, ಕಂಕುಳ ಸುತ್ತ ಅಂಚು ಕಟ್ಟಿ, ತೋಳಿಲ್ಲದ ಜಂಪರ್ ಮಾಡಿದೆವು. ನಾನು ಮೆಷಿನ್ ತುಳಿದೆ, ಅವಳು ಕೈಯಲ್ಲಿ ಹೆಮ್ಮಿಂಗ್ ಹಾಕಿದಳು. ಅಂತೂ ಹನ್ನೆರಡೂವರೆಗೆ ಮುಗಿಯಿತು.

1924 ರಲ್ಲಿ ಗಾಂಧೀಜಿಯವರನ್ನು, ನೀವು ಎಲ್ಲ ಯಂತ್ರಗಳಿಗೂ ವಿರೋಧಿಯೇ ಎಂದು ಕೇಳಿದಾಗ ಅವರು ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿಯುತ್ತ ಪಡುವ ಬವಣೆಯನ್ನು ನೋಡಲಾರದೆ ಸಿಂಗರ್ ಪ್ರೀತಿಯಿಂದ ಇದನ್ನು ರೂಪಿಸಿದ ಎಂಬ ಕಥೆಯನ್ನು ಅವರು ನೆನೆದಿದ್ದರು. ಇತಿಹಾಸ ಅಷ್ಟು ಸರಳವೇನಲ್ಲ. ಐಸಾಕ್ ಸಿಂಗರ್ ಪೇಟೆಂಟ್ ಪಡೆದದ್ದು 1851 ರಲ್ಲಿ. ಮೊನೆಯ ಬಳಿ ಕಣ್ಣಿರುವ ಸೂಜಿಯ ಯಂತ್ರಕ್ಕೆ ಎಲಿಯಾಸ್ ಹೋವ್ 1846 ರಲ್ಲೇ ಪೇಟೆಂಟ್ ಪಡೆದಿದ್ದ. ಅದೇನೇ ಇರಲಿ, ಗಾಂಧೀಜಿ ಕಂಡ ಗುಣ ದೊಡ್ಡದು: ಮನೆಯವರ ದುಡಿಮೆ ಹಗುರವಾಗಬೇಕು. ಆದರೆ ನಮ್ಮ ಮನೆಗಳಲ್ಲಿ ಆಗುವುದೇನು? ಅಡುಗೆ, ಪಾತ್ರೆ, ಮಕ್ಕಳ ಹೋಂವರ್ಕ್ ಎಲ್ಲ ಮುಗಿದ ಮೇಲೆ ಅಮ್ಮನಿಗೆ ಮತ್ತೊಂದು ಕೆಲಸ! ಮನೆಯಲ್ಲಿ ಹೊಲಿಗೆ ನಿಂತುಹೋಗುವುದು ಹೆಚ್ಚಾಗಿ ಈ ಕಾರಣಕ್ಕೇ.

ಹಾಗಾದರೆ ಹೊತ್ತು ಹೊಂದಿಸುವುದು ಹೇಗೆ? ಉತ್ತರ ಕರ್ನಾಟಕದ ಕೌದಿಯನ್ನು ನೋಡಿ. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಹೊಲಿಯುವ ಕೌದಿ ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ಬಿಡುವಾದಾಗ ಹರಡುತ್ತಾರೆ, ನಾಲ್ಕು ಸಾಲು ಹಾಕಿ ಸುತ್ತಿಡುತ್ತಾರೆ. ಪಕ್ಕದ ಮನೆಯಾಕೆ ಬಂದರೆ ಅವಳೂ ಒಂದು ಮಗ್ಗುಲಿಗೆ ಕೂತು ಸೂಜಿ ಹಿಡಿಯುತ್ತಾಳೆ. ಹೊತ್ತನ್ನೂ ಕೈಗಳನ್ನೂ ಹಂಚಿಕೊಳ್ಳುವ ಈ ಜಾಣ್ಮೆ ನಮಗೂ ಸಾಕು.

ಮನೆಯಲ್ಲಿ ಉಡುವ ಪೈಜಾಮದಿಂದ ಶುರು ಮಾಡಿ. ಭಾನುವಾರ ಹೊಸ ಹತ್ತಿ ಬಟ್ಟೆಯನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಹೊಲಿದ ಮೇಲೆ ಕುಗ್ಗುವ ಬದಲು ಮೊದಲೇ ಕುಗ್ಗಲಿ. ಸೋಮವಾರ ಸರಿಯಾಗಿ ಕೂಡುವ ಹಳೆಯ ಪೈಜಾಮವನ್ನು ಹೊಸ ಬಟ್ಟೆಯ ಮೇಲೆ ಹರಡಿ ಚಾಕ್‌ನಿಂದ ಗೆರೆ ಹಾಕಿ. ಹೊಲಿಗೆಗೆಂದು ಸುತ್ತಲೂ 2 ಸೆಂ.ಮೀ., ಎಲಾಸ್ಟಿಕ್‌ಗೆಂದು ಸೊಂಟದ ಮೇಲೆ 5 ಸೆಂ.ಮೀ. ಹೆಚ್ಚು ಬಿಡಿ. ಸೊಂಟದ ಎಲಾಸ್ಟಿಕ್ ಅನ್ನು ಪೂರ್ತಿ ಎಳೆದು ಅಳೆಯುವುದನ್ನು ಮರೆಯಬೇಡಿ. ಮಂಗಳವಾರ ಕತ್ತರಿಸಿ. ಬಟ್ಟೆಯನ್ನು ಒಳಮೈ ಹೊರಬರುವಂತೆ ಎರಡಾಗಿ ಮಡಿಸಿ ಕತ್ತರಿಸಿದರೆ ಎಡ-ಬಲದ ಜೋಡಿ ತಾನಾಗಿಯೇ ಸಿಗುತ್ತದೆ. ನನ್ನ ಎರಡು ಎಡತೋಳುಗಳ ಪಾಠ ಇದೇ! ಬುಧವಾರ ಎರಡೂ ಕಾಲುಗಳ ಹೊಲಿಗೆ, ಗುರುವಾರ ಅವುಗಳ ಜೋಡಣೆ, ಶುಕ್ರವಾರ ಸೊಂಟಕ್ಕೆ ಎಲಾಸ್ಟಿಕ್, ಶನಿವಾರ ಕೆಳಗಿನ ಮಡಿಕೆ. ದಿನಕ್ಕೆ ಇಪ್ಪತ್ತು ನಿಮಿಷವಾದರೆ ಆಯಿತು. ಒಬ್ಬರು ಗೆರೆ ಹಾಕಲಿ, ಒಬ್ಬರು ಇಸ್ತ್ರಿ ಮಾಡಲಿ, ಒಬ್ಬರು ತುಳಿಯಲಿ. ಸಾಧಾರಣ ಹತ್ತಿ ಬಟ್ಟೆಗೆ 14 ನಂಬರಿನ ಸೂಜಿ ಸರಿಹೋಗುತ್ತದೆ. ಮೋಟಾರ್ ಇರುವ ಮೆಷಿನ್ ಆದರೆ ಸೂಜಿ ಬದಲಿಸುವ ಮುನ್ನ ಸ್ವಿಚ್ ಆರಿಸಬೇಕೆಂದು ಮಕ್ಕಳಿಗೆ ಮೊದಲ ದಿನವೇ ಹೇಳಿ. ಇನ್ನು ದುಬಾರಿ ಮೆಷಿನ್ ಕೊಳ್ಳುವ ಆತುರ ಬೇಡ. ಕೂಸು ಹುಟ್ಟುವ ಮುಂಚೆ ಕುಲಾವಿ ಏಕೆ?

‘ಪರೀಕ್ಷೆಗೆ ಓದುವ ಮಕ್ಕಳಿಗೆ ಇದೆಲ್ಲ ಕಾಲಹರಣವಲ್ಲವೇ?’ ಎಂದು ಕೇಳುವ ಪೋಷಕರಿದ್ದಾರೆ. ವಿದ್ಯಾರ್ಥಿಗಳೇ, ನೀವೇ ಒಂದು ಲೆಕ್ಕ ಮಾಡಿ. 66 ಸೆಂ.ಮೀ. ಸೊಂಟದ ಹುಡುಗಿಗೆ ಪೂರ್ತಿ ವೃತ್ತದ ಕೊಡೆಲಂಗ ಹೊಲಿಯಬೇಕು. ಬಟ್ಟೆಯನ್ನು ನಾಲ್ಕಾಗಿ ಮಡಿಸಿದರೆ ಮಡಿಕೆಯ ಮೂಲೆಯಿಂದ ಎಷ್ಟು ದೂರಕ್ಕೆ ಸೊಂಟದ ಗೆರೆ ಎಳೆಯಬೇಕು? ವೃತ್ತದ ಪರಿಧಿ 66. ಅದನ್ನು 22/7 ರ ಎರಡರಷ್ಟರಿಂದ ಭಾಗಿಸಿದರೆ ತ್ರಿಜ್ಯ 10.5 ಸೆಂ.ಮೀ. ಹೊಲಿಗೆಗೆ 1 ಸೆಂ.ಮೀ. ಬೇಕಾದ್ದರಿಂದ ಕತ್ತರಿಸುವುದು 9.5 ಕ್ಕೆ. ಲಂಗದ ಉದ್ದ 60 ಸೆಂ.ಮೀ. ಆದರೆ ಹೊರವೃತ್ತದ ತ್ರಿಜ್ಯ 70.5. ಅಂದರೆ 150 ಸೆಂ.ಮೀ. ಅಗಲದ ಬಟ್ಟೆ ಒಂದೂವರೆ ಮೀಟರ್ ಇದ್ದರೆ ಕೆಳಗಿನ ಮಡಿಕೆಗೂ ಸಾಲುತ್ತದೆ. ಇಂಥ ಲಂಗವನ್ನು ಕೆಳಗೆ ಮಡಿಸುವ ಮುನ್ನ ಒಂದು ರಾತ್ರಿ ತೂಗುಹಾಕಬೇಕು, ಏಕೆಂದರೆ ಓರೆ ಎಳೆಯಲ್ಲಿ ಬಟ್ಟೆ ಜಗ್ಗುತ್ತದೆ. ಪುಸ್ತಕದ ವೃತ್ತ ಸೊಂಟಕ್ಕೆ ಸರಿಯಾಗಿ ಕೂತಾಗ ಸೂತ್ರ ಮರೆಯುವುದುಂಟೇ?

ಹಣ ಉಳಿಯುತ್ತದೆಯೇ ಎಂದರೆ, ಯಾವಾಗಲೂ ಇಲ್ಲ. ಸಿದ್ಧ ಉಡುಪು ಎಷ್ಟೋ ಸಲ ಬಟ್ಟೆಯ ಬೆಲೆಗಿಂತ ಅಗ್ಗ. ಅದು ಅಗ್ಗವಾಗಿರುವುದರ ಹಿಂದೆ ಯಾರ ದುಡಿಮೆ ಇದೆ ಎಂಬುದನ್ನು ಯೋಚಿಸಬೇಕು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಒಬ್ಬಾಕೆ ದಿನವಿಡೀ ಕಾಲರ್, ಮತ್ತೊಬ್ಬಾಕೆ ದಿನವಿಡೀ ತೋಳು. ಒಂದು ತೋಳು ಕೂಡಿಸಲು ಒಂದು ಗಂಟೆ ಒದ್ದಾಡಿದ ಮಗುವಿಗೆ ಆ ಹೆಂಗಸರ ಕೈಚಳಕವೂ, ‘ನಾಳೆ ಬನ್ನಿ’ ಎನ್ನುವ ದರ್ಜಿಯ ಕಷ್ಟವೂ ಅರ್ಥವಾಗುತ್ತದೆ. ಕುಪ್ಪಸ, ಕೋಟುಗಳಿಗೆ ನಾವು ಈಗಲೂ ದರ್ಜಿಯ ಹತ್ತಿರವೇ ಹೋಗುತ್ತೇವೆ. ಕೂಲಿಗೆ ಚೌಕಾಸಿ ಮಾಡುವುದು ಮಾತ್ರ ಕಡಿಮೆಯಾಗಿದೆ.

ಗಂಡು ಮಕ್ಕಳನ್ನೂ ಇದರಿಂದ ದೂರವಿಡಬೇಡಿ. ಊರಿನ ದರ್ಜಿಗಳಲ್ಲಿ ಗಂಡಸರೆಷ್ಟು ಮಂದಿ ಇಲ್ಲ? ಹಾಸ್ಟೆಲಿಗೆ ಹೋಗುವ ಹುಡುಗ ಗುಂಡಿ ಹಚ್ಚಿಕೊಳ್ಳಲು ಕಲಿತಿದ್ದರೆ ಅವನಿಗೇ ಅನುಕೂಲ. ನಮ್ಮ ಮನೆಯಲ್ಲಿ ಅಕ್ಕನನ್ನು ನೋಡಿ ತಮ್ಮನೂ ಮೆಷಿನ್ ಹತ್ತಿದ. ಅವನ ಮೊದಲ ಕೆಲಸ ಒಂದು ದಿಂಬಿನ ಚೀಲ. ಒಂದು ಗಂಟೆ ತುಳಿದು, ಬೆವರು ಒರೆಸಿಕೊಳ್ಳುತ್ತ ತಂದು ತೋರಿಸಿದ. ಹೊಲಿಗೆ ನೇರವಾಗಿಯೇ ಇತ್ತು, ಆದರೆ ನಾಲ್ಕೂ ಕಡೆ ಇತ್ತು! ದಿಂಬು ತೂರಿಸಲು ದಾರಿಯೇ ಇಲ್ಲ. ಅಕ್ಕ ಬಿದ್ದು ಬಿದ್ದು ನಕ್ಕಳು, ಅವನ ಕಣ್ಣಲ್ಲಿ ನೀರು. ಈ ಸಲ ನಾನು ರೇಗಲಿಲ್ಲ. ಅವನ ಕೈಗೆ ಸಣ್ಣ ಕತ್ತರಿ ಕೊಟ್ಟು, ಬಟ್ಟೆಗೆ ಗಾಯವಾಗದಂತೆ ಹೊಲಿಗೆ ಬಿಚ್ಚುವುದು ಹೇಗೆಂದು ತೋರಿಸಿದೆ.

ಮಕ್ಕಳು ಹೊಲಿಯಲು ಕಲಿಯುವುದು ಆಮೇಲಿನ ಮಾತು. ಹೊಲಿದದ್ದು ತಪ್ಪಾದರೆ ಬಿಚ್ಚಿ ಮತ್ತೆ ಹೊಲಿಯಬಹುದು ಎಂಬುದನ್ನು ಮೊದಲು ಕಲಿಯಲಿ. ಅದನ್ನು ಕಲಿಸಲು ದಿನಕ್ಕೆ ಇಪ್ಪತ್ತು ನಿಮಿಷ ಹೆಚ್ಚೇನಲ್ಲ, ಅಲ್ಲವೇ?