ಅಂಗಳದ ಕೊಡೆ: ಅಗಲವೊಂದೇ ಸಾಕೆ?

ನಗರಗಳಲ್ಲಿ ಮರಗಳು ಕಡಮೆಯಾಗಿ, ಮನೆಯ ಮುಂದಿನ ಅಂಗಳಕ್ಕೆ ಕಲ್ಲು ಹಾಸುವುದು ರೂಢಿಯಾದಂತೆಲ್ಲ, ಒಂದೇ ಕಂಬದ ಮೇಲೆ ನಿಲ್ಲತಕ್ಕ ದೊಡ್ಡ ಕೊಡೆಯೊಂದನ್ನು ಕೊಂಡು ತಂದು ಅದರ ನೆರಳಿನಲ್ಲಿ ಕುಳಿತುಕೊಳ್ಳುವ ಪದ್ಧತಿಯೂ ಬೆಳೆಯುತ್ತಿದೆ. ಕೊಳ್ಳುವವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ಎರಡೇ: ಎಷ್ಟು ಅಡಿ ಅಗಲ? ಯಾವ ಬಣ್ಣ? ಇವುಗಳಲ್ಲಿ ಮೊದಲನೆಯದು ನಾವು ಭಾವಿಸಿರುವಷ್ಟು ಮುಖ್ಯವಲ್ಲ. ಎರಡನೆಯದು ಮುಖ್ಯವಾದರೂ ನಾವು ಕೇಳುವ ಕಾರಣಕ್ಕಾಗಿ ಅಲ್ಲ. ಅನುಭವದಿಂದಲೂ ಸ್ವಲ್ಪ ಹಣದ ನಷ್ಟದಿಂದಲೂ ಮೂಡಿದ ಅಭಿಪ್ರಾಯವಿದು.

ನಮ್ಮ ತಾಯಿಯವರಿಗೆ ಎರಡು ಕಣ್ಣುಗಳ ಪೊರೆಯನ್ನೂ ತೆಗೆಸಿದ ಮೇಲೆ ಪ್ರಖರವಾದ ಬೆಳಕು ಸಹಿಸದಾಯಿತು. ಆದರೂ ಮಧ್ಯಾಹ್ನದ ನಿದ್ದೆ ಮುಗಿದೊಡನೆ ಹೊರಗೆ ಕುಳಿತು ಬೀದಿಯನ್ನು ನೋಡಬೇಕೆಂಬ ಆಸೆ ಅವರಿಗೆ ಹೋಗಲಿಲ್ಲ. ಅವರಿಗಾಗಿ ಬೆಂಗಳೂರಿನ ನಮ್ಮ ಮನೆಯ ಅಂಗಳಕ್ಕೆ 9 ಅಡಿ ಅಗಲದ ಕೊಡೆಯೊಂದನ್ನು ತಂದೆನು. ಅದು ಏಪ್ರಿಲ್ ತಿಂಗಳ ಕೊನೆಯ ವಾರ. ಕಂಬದ ಪಕ್ಕದಲ್ಲಿಯೇ ಕುರ್ಚಿಯನ್ನು ಹಾಕಿ ಕುಳ್ಳಿರಿಸಿದೆವು. ಮೂರೂಕಾಲು ಗಂಟೆಗೆ ಮೊಣಕಾಲಿನಿಂದ ಕೆಳಗೆಲ್ಲ ಬಿಸಿಲು. ನಾಲ್ಕೂಕಾಲು ಗಂಟೆಗೆ ಮುಖದ ಮೇಲೆಯೇ ಬಿಸಿಲು. ನಾವು ಹಣ ಕೊಟ್ಟು ತಂದ ನೆರಳು ಪಕ್ಕದ ಮನೆಯವರ ಕಾಂಪೌಂಡು ಗೋಡೆಯ ಮೇಲೆ ಸೊಗಸಾಗಿ ಹರಡಿಕೊಂಡಿತ್ತು. “ಕೊಡೆ ನಮ್ಮದು, ನೆರಳು ಅವರದೇನಪ್ಪ?” ಎಂದು ತಾಯಿಯವರು ಕೇಳಿದರು.

ಕಾರಣ ಬಹಳ ಸರಳವಾದುದು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಸುಮಾರಿಗೆ, ಹಗಲು ಹನ್ನೆರಡೂಕಾಲು ಗಂಟೆ ಕಳೆದೊಡನೆ ಸೂರ್ಯನು ಇಲ್ಲಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಕೊಡೆಯ ನೆರಳು ಕಂಬದ ಸುತ್ತಲೂ ಸಮನಾಗಿ ಬೀಳುವುದು ಆ ಕ್ಷಣದಲ್ಲಿ ಮಾತ್ರ. ಮೂರು ಗಂಟೆ ಕಳೆಯುವಷ್ಟರಲ್ಲಿ ಅವನು ನೆತ್ತಿಯಿಂದ ಸುಮಾರು 44 ಡಿಗ್ರಿ ಪಶ್ಚಿಮಕ್ಕೆ ಸರಿದಿರುತ್ತಾನೆ. ಆಗ ಕೊಡೆಯ ಎತ್ತರದ ಒಂದೊಂದು ಅಡಿಗೂ ನೆರಳು ಹೆಚ್ಚುಕಡಮೆ ಒಂದೊಂದು ಅಡಿ ಪೂರ್ವಕ್ಕೆ ಜಾರುತ್ತದೆ. ಕೊಡೆಯ ಬಟ್ಟೆ 7 ಅಡಿ ಎತ್ತರದಲ್ಲಿದ್ದರೆ ನೆಲದ ಮೇಲಿನ ನೆರಳು ಹತ್ತಿರ ಹತ್ತಿರ 7 ಅಡಿ ಸರಿದಿರುವುದು. ಆದರೆ 9 ಅಡಿಯ ಕೊಡೆಯ ತ್ರಿಜ್ಯ ನಾಲ್ಕೂವರೆ ಅಡಿ ಮಾತ್ರ. ಕಂಬದ ಬುಡದಲ್ಲಿ ನೆರಳೇ ಇಲ್ಲದಿರುವುದು ಇದರಿಂದ. ಇನ್ನೊಂದು ಗಂಟೆ ಕಳೆದರೆ ಪ್ರತಿ ಅಡಿಗೆ ಒಂದು ಅಡಿ ಏಳು ಅಂಗುಲದಷ್ಟು ಜಾರುತ್ತದೆ; ಕುಳಿತವರ ತಲೆಯೂ, ಅದು ಬಟ್ಟೆಗಿಂತ ಮೂರೇ ಅಡಿ ಕೆಳಗಿದ್ದರೂ, ಬಿಸಿಲಿಗೆ ಬೀಳುತ್ತದೆ.

ನೆರಳಿನೊಳಗೆ ಇರುವವರಾದರೂ ಸುರಕ್ಷಿತರೆ? ಬೆಳಕಿನ ಅಲೆಯ ಉದ್ದ ಅರ್ಧವಾದರೆ ವಾಯುವಿನ ಅಣುಗಳು ಅದನ್ನು ಹದಿನಾರು ಪಟ್ಟು ಹೆಚ್ಚಾಗಿ ಚದರಿಸುತ್ತವೆ ಎಂಬ ನಿಯಮವನ್ನು ಲಾರ್ಡ್ ರ‍್ಯಾಲೀ 1871ರಲ್ಲಿ ತೋರಿಸಿಕೊಟ್ಟನು. ಆಕಾಶ ನೀಲಿಯಾಗಿರುವುದಕ್ಕೆ ಇದೇ ಕಾರಣ. ಚರ್ಮವನ್ನೂ ಕಣ್ಣನ್ನೂ ಬಾಧಿಸತಕ್ಕ ಅತಿನೇರಿಳೆ ಕಿರಣಗಳ ಅಲೆಯ ಉದ್ದ ನೀಲಿ ಬೆಳಕಿನದಕ್ಕಿಂತಲೂ ಚಿಕ್ಕದಾದುದರಿಂದ ಅವು ಸೂರ್ಯನಿಂದ ನೇರವಾಗಿ ಬರುವುದಲ್ಲದೆ ಇಡೀ ಆಕಾಶದಿಂದಲೂ ಸುರಿಯುತ್ತಿರುತ್ತವೆ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಸರೋವರವೊಂದರ ದಡದಲ್ಲಿ 41 ಮಂದಿಯನ್ನು ಕೊಡೆಯ ನೆರಳಿನಲ್ಲಿಯೂ, 40 ಮಂದಿಯನ್ನು ಕೊಡೆಯಿಲ್ಲದೆ ಬಿಸಿಲು ತಡೆಯುವ ಲೇಪವನ್ನು ಮಾತ್ರ ಹಚ್ಚಿಯೂ ಮೂರೂವರೆ ಗಂಟೆಗಳ ಕಾಲ ಕುಳ್ಳಿರಿಸಿದರು. ಕೊಡೆಯವರಲ್ಲಿ ನೂರಕ್ಕೆ 78 ಮಂದಿಗೆ ಚರ್ಮ ಕೆಂಪೇರಿತು. ಲೇಪದವರಲ್ಲಿ ನೂರಕ್ಕೆ 25 ಮಂದಿಗೆ. ಪ್ರಯೋಗ ನಡೆಸಿದವರು ಲೇಪ ತಯಾರಿಸುವ ಕಂಪನಿಯವರೆಂಬುದನ್ನೂ, ಕುಳಿತವರು ತಿಳಿಯಾದ ಚರ್ಮದವರೆಂಬುದನ್ನೂ ವಾಚಕರು ಮರೆಯಬಾರದು. ನಮ್ಮ ಚರ್ಮಕ್ಕೆ ಅಷ್ಟು ಬೇಗ ಕೇಡು ತಟ್ಟದು. ಆದರೆ ಕಣ್ಣಿನ ವಿಷಯದಲ್ಲಿ ಮೈಬಣ್ಣದ ರಕ್ಷಣೆಯನ್ನು ನಂಬಿ ಕೂರುವಂತಿಲ್ಲ.

ಹಾಗಾದರೆ ಇನ್ನೂ ಅಗಲವಾದ ಕೊಡೆಯನ್ನು ಕೊಳ್ಳೋಣವೆಂದು ತೋರುವುದು ಸಹಜ. ನನಗೂ ಹಾಗೆಯೇ ತೋರಿತ್ತು. ಆದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದಾಗ ಬೇರೆಯೇ ಉತ್ತರ ಬಂದಿತು. ಆಕಾಶದಿಂದ ತಲೆಯ ಮೇಲೆ ಸುರಿಯುವ ಬೆಳಕಿನಲ್ಲಿ, 7 ಅಡಿ ಎತ್ತರದಲ್ಲಿರುವ 9 ಅಡಿಯ ಕೊಡೆ ನೂರರಲ್ಲಿ 69 ಪಾಲನ್ನು ಮರೆಮಾಡುತ್ತದೆ. ಅದೇ ಎತ್ತರದಲ್ಲಿ 12 ಅಡಿಯ ಕೊಡೆಯನ್ನಿಟ್ಟರೆ 80 ಪಾಲು. ಆದರೆ ಹಳೆಯ 9 ಅಡಿಯ ಕೊಡೆಯನ್ನೇ ಒಂದು ಅಡಿ ತಗ್ಗಿಸಿದರೆ 83 ಪಾಲು! ಮೂರು ಅಡಿ ಅಗಲಿಸುವುದಕ್ಕಿಂತ ಒಂದು ಅಡಿ ಇಳಿಸುವುದು ಮೇಲು. ಅದಕ್ಕೆ ಹಣವೂ ಬೇಕಿಲ್ಲ. ಹೀಗೆ ತಗ್ಗಿಸಿದರೆ ನಾಲ್ಕೂಕಾಲು ಗಂಟೆಯ ಬಿಸಿಲೂ ಮುಖಕ್ಕೆ ತಾಗದು. ನೆಲದ ಮೇಲಿರುವ ಪಾದಗಳಿಗೆ ಮಾತ್ರ ಯಾವ ಕೊಡೆಯಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಅವಕ್ಕೆ ಒಂದು ಪಂಚೆಯನ್ನು ಹೊದಿಸುವುದೇ ಸರಿ.

ಇನ್ನು ಬಟ್ಟೆಯ ವಿಚಾರ. ಅಂಗಡಿಯಲ್ಲಿ ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ಎಳೆಗಳ ನಡುವೆ ಬೆಳಕಿನ ಚುಕ್ಕೆಗಳು ಕಂಡರೆ ಅತಿನೇರಿಳೆ ಕಿರಣಗಳಿಗೂ ಅದೇ ದಾರಿ. ತೆಳುವಾದ ಬಿಳಿಯ ಹತ್ತಿಬಟ್ಟೆ ಕಣ್ಣಿಗೆ ತಂಪೆನಿಸಿದರೂ ಅವುಗಳನ್ನು ಧಾರಾಳವಾಗಿ ಒಳಕ್ಕೆ ಬಿಡುತ್ತದೆ. ಒತ್ತಾಗಿ ನೆಯ್ದ ಗಾಢವರ್ಣದ ಬಟ್ಟೆ ಹೀರಿಕೊಳ್ಳುತ್ತದೆ. ಆದರೆ ಹೀರಿಕೊಂಡದ್ದು ಶಾಖವಾಗಲೇಬೇಕಷ್ಟೆ. ಬಟ್ಟೆ 35 ಡಿಗ್ರಿ ಸೆಂಟಿಗ್ರೇಡಿನಿಂದ 60 ಡಿಗ್ರಿಗೆ ಏರಿದರೆ ಅದು ಕೆಳಗಿರುವವರ ತಲೆಯ ಮೇಲೆ ಬೀರುವ ಶಾಖವಿಕಿರಣ ಮೂರನೆಯ ಒಂದು ಭಾಗಕ್ಕೂ ಮಿಕ್ಕು ಹೆಚ್ಚುತ್ತದೆ. ಆದುದರಿಂದ ಹೊರಮೈ ತಿಳಿಬಣ್ಣದ್ದಾಗಿಯೂ ಒಳಮೈ ಗಾಢವಾಗಿಯೂ ಇರುವ ಒತ್ತಾದ ಬಟ್ಟೆ ಉತ್ತಮವೆನ್ನುತ್ತೇನೆ. ಒಳಮೈ ಬಿಳಿಯದಾದರೆ ಕಲ್ಲುಹಾಸಿನಿಂದ ಮೇಲೆದ್ದ ಬೆಳಕು ಮತ್ತೆ ಮುಖಕ್ಕೇ ಹಿಂದಿರುಗುತ್ತದೆ. ನೆತ್ತಿಯಲ್ಲಿ ಬಿಸಿಗಾಳಿ ಹೊರಡಲು ಒಂದು ಕಿಂಡಿ ಇರಬೇಕು. ಹತ್ತಿಯ ಬಟ್ಟೆಯಾದರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದೆಂಬುದನ್ನು ಹೇಳಬೇಕಾಗಿಲ್ಲ.

ಸರಿದ ನೆರಳನ್ನು ಹಿಂದಕ್ಕೆ ತರಲು ಅಂಗಡಿಯವರು ಹೇಳುವ ಉಪಾಯ ಕೊಡೆಯನ್ನು ಓರೆಮಾಡುವುದು. ನಾನೂ ಮಾಡಿದೆನು. ಮೇ ತಿಂಗಳ ಒಂದು ಸಂಜೆ, ತಾಯಿಯವರು ಕಾಫಿಗೆಂದು ಒಳಗೆ ಹೋಗಿದ್ದಾಗ, ಮಳೆಗೆ ಮುಂಚಿನ ಗಾಳಿ ಬೀಸಿ ಕೊಡೆ ತುಳಸಿಕಟ್ಟೆಯ ಮೇಲೆ ಉರುಳಿತು. ಅವರು ಕುರ್ಚಿಯಲ್ಲಿಯೇ ಇದ್ದಿದ್ದರೆ ಎಂಬುದನ್ನು ನೆನೆಯಲೂ ಮನಸ್ಸಾಗದು. ಗಂಟೆಗೆ 40 ಕಿಲೋಮೀಟರು ವೇಗದ ಗಾಳಿಗೆ 9 ಅಡಿಯ ಕೊಡೆ ಪೂರ್ತಿ ಎದುರಾದರೆ ಅದರ ಮೇಲೆ ಸುಮಾರು 40 ಕಿಲೋಗ್ರಾಂ ತೂಕದಷ್ಟು ಒತ್ತಡ ಬೀಳುತ್ತದೆ. ಏಳು ಅಡಿಯ ಸನ್ನೆಯ ತುದಿಯಲ್ಲಿ ಬೀಳುವ ಈ ಒತ್ತಡವನ್ನು ಒಂದು ಅಡಿ ತ್ರಿಜ್ಯದ ಪೀಠದಿಂದ ತಡೆಯಬೇಕಾದರೆ ಆ ಪೀಠ 280 ಕಿಲೋಗ್ರಾಂ ಇರಬೇಕಾಗುತ್ತದೆ. ನನಗೆ ಕೊಟ್ಟದ್ದು 25 ಕಿಲೋಗ್ರಾಮಿನದು. ಕೊಡೆ ಗಾಳಿಗೆ ಅರ್ಧ ಎದುರಾಗಿದ್ದರೂ ಅದು ತಡೆಯುವುದು ಗಂಟೆಗೆ 17 ಕಿಲೋಮೀಟರಿನ ಗಾಳಿಯನ್ನು ಮಾತ್ರ. ಎಲೆಗಳನ್ನೂ ಸಣ್ಣ ರೆಂಬೆಗಳನ್ನೂ ಅಲುಗಿಸುವ ಗಾಳಿ ಅಷ್ಟು ವೇಗದ್ದೇ! ಅಗಲವನ್ನು 12 ಅಡಿಗೆ ಏರಿಸಿದರೆ ಗಾಳಿಯ ಒತ್ತಡವೂ ಮುಕ್ಕಾಲು ಪಾಲಿಗಿಂತ ಹೆಚ್ಚಾಗಿ ಏರುವುದು.

ಮಾರುವವರಿಂದ ನಾವು ಕೇಳಬೇಕಾದುದು ಇಷ್ಟು: ಬಟ್ಟೆ ಅತಿನೇರಿಳೆ ಕಿರಣಗಳಲ್ಲಿ ನೂರಕ್ಕೆ ಎಷ್ಟನ್ನು ಒಳಕ್ಕೆ ಬಿಡುತ್ತದೆ, ಯಾವ ವೇಗದ ಗಾಳಿಗೆ ಕೊಡೆಯನ್ನು ಮಡಿಸಿಬಿಡಬೇಕು, ಎಷ್ಟು ಎತ್ತರದವರೆಗೆ ಇಳಿಸಬಹುದು. ಈ ಅಂಕಿಗಳನ್ನು ಬಟ್ಟೆಯ ಅಂಚಿನಲ್ಲಿ ಅಚ್ಚುಮಾಡುವುದು ತಯಾರಕರಿಗೆ ಕಷ್ಟವಲ್ಲ. ತಮ್ಮ ಹೆಸರನ್ನು ಗೇಣುದ್ದದ ಅಕ್ಷರಗಳಲ್ಲಿ ಅಚ್ಚುಮಾಡುವವರು ಅವರೇ ಅಲ್ಲವೆ? ಅಂಗಡಿಯಲ್ಲಿ ನಾನು ಕೇಳಿದಾಗ ದೊರೆತ ಉತ್ತರ, “ಇದು ಒಳ್ಳೆಯ ಮಾಲು, ಸ್ವಾಮಿ” ಎಂಬುದಷ್ಟೆ.

ಮುರಿದ ಎರಡು ಕಡ್ಡಿಗಳನ್ನು ಸರಿಪಡಿಸಿ, ಕಬ್ಬಿಣದ ಕೆಲಸದವನಿಂದ ಕಂಬವನ್ನು ಒಂದು ಅಡಿ ಕತ್ತರಿಸಿಹಾಕಿಸಿ, ಬುಡವನ್ನು ನೆಲದಲ್ಲಿ ಹೂತ ಕೊಳವೆಯೊಳಗೆ ಇಳಿಸಿದ್ದೇನೆ. ಎಲೆ ಅಲುಗಿದರೆ ಮಡಿಸಿಬಿಡುತ್ತೇವೆ. ಬಂದವರು ತಲೆ ಬಗ್ಗಿಸಿ ಒಳಗೆ ನುಗ್ಗಬೇಕಾಗಿದೆ. ತಾಯಿಯವರು ಕುಳಿತೇ ಇರುವುದರಿಂದ ಅವರಿಗೆ ಆ ತೊಂದರೆಯಿಲ್ಲ.